ಎಡಗಿವಿಯ ಕ್ಲಿಪ್ಪು, ಲೋಕುವಿನ ಅರ್ಧ ಮಾತು

ನನ್ನ ಎಡಗಿವಿಯ ಕ್ಲಿಪ್ಪನ್ನೂ ಅದರಿಂದ ಇಳಿದು ಬ್ಯಾಗಿನೊಳಗೆ ಹೋಗುವ ವಯರನ್ನೂ ಬಸ್ಸಿನಲ್ಲಿ ನೋಡಿದವರು, ನಾನು ಹಾಡು ಕೇಳುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಒಮ್ಮೆ ನೇತ್ರಾವತಿ ಸೇತುವೆಯ ಮೇಲೆ ಬಸ್ಸು ಟ್ರಾಫಿಕ್ ಬ್ಲಾಕಿನಲ್ಲಿ ನಿಂತಿದ್ದಾಗ ಪಕ್ಕದ ಕಾಲೇಜು ಹುಡುಗಿ ಕೇಳಿಯೇಬಿಟ್ಟಳು.

"ಒಂದೇ ಕಿವಿಗಾ ಆಂಟಿ? ಇನ್ನೊಂದು ಹಾಳಾಯ್ತಾ?"

"ಹೌದು, ಹಾಳಾಯ್ತು."

"ಎಂತ ಹಾಡು?"

"ಹಾಡು ಎಂತದೂ ಇಲ್ಲ. ಇದು ಕೇಳದೆ ಇರ್ಲಿಕ್ಕೆ ಹಾಕುದು."

ಹುಡುಗಿ ಸ್ವಲ್ಪ ಆಚೆ ಸರಿದು ಕೂತಳು. ಜನ ಸರಿದು ಕೂರುವುದು ನನಗೆ ಹೊಸತಲ್ಲ. ಬೆಳಗಿನ ಬಸ್ಸಿನಲ್ಲಿ ಒಂದೂವರೆ ಸೀಟು ಸಿಕ್ಕಿದರೆ ನಾನು ಬೇಸರಪಡುವವಳೂ ಅಲ್ಲ.

ನನಗೆ ಫಿಟ್ಸ್ ಉಂಟು. ಅಪಸ್ಮಾರ, ಮೂರ್ಛೆರೋಗ, ಎಪಿಲೆಪ್ಸಿ, ಏನು ಬೇಕಾದರೂ ಕರೆಯಿರಿ, ನೆಲಕ್ಕೆ ಬೀಳುವಾಗ ಯಾರೂ ಹೆಸರು ಕೇಳಿಕೊಂಡು ಬೀಳುವುದಿಲ್ಲ. ಆಸ್ಪತ್ರೆಯ ನರರೋಗ ವಿಭಾಗದ ಹೊರಗೆ, ಗುರುತಿನವರು ಯಾರಾದರೂ ನೋಡಿಬಿಟ್ಟಾರೆಂದು ಶಾಲನ್ನು ಮುಖದವರೆಗೆ ಎಳೆದುಕೊಂಡು ಕೂತಿರುತ್ತಾರಲ್ಲ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ರೋಗದ ವಿಷಯವನ್ನು ಡಾಕ್ಟರು ಹೇಳುತ್ತಾರೆ. ರೋಗ ಬಿಟ್ಟುಹೋಗುವಾಗ ತನ್ನ ಜೊತೆಗೆ ಏನನ್ನು ಕೊಂಡುಹೋಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ನಾವು ಉಳ್ಳಾಲದ ಕಡಲ ಬದಿಯವರು. ಅಪ್ಪ ಬೋಟಿಗೆ ಹೋಗುತ್ತಿದ್ದರು, ನಾವು ಸಣ್ಣವರಿದ್ದಾಗಲೇ ಕಾಮಾಲೆಯಲ್ಲಿ ತೀರಿಕೊಂಡರು. ಅಮ್ಮ ಕಂಕನಾಡಿ ಮಾರ್ಕೆಟಿನಲ್ಲಿ ಮೀನು ಮಾರಿ ನನ್ನನ್ನೂ ತಮ್ಮ ಲೋಕೇಶನನ್ನೂ ಸಾಕಿದಳು. ನಾನು ಓದಿ ಕದ್ರಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿದೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಉತ್ತರಕ್ರಿಯೆಯ ಕಾರ್ಡು, ಎಲ್ಲದರ ತಪ್ಪು ತಿದ್ದುವುದು. ಲೋಕು ಅಪ್ಪನ ದಾರಿ ಹಿಡಿದ. ಬೋಟಿಗೆ ಹೋಗುವ ದಿನ ಬೆಳಕು ಹರಿಯುವ ಮೊದಲೇ ಎದ್ದು ಚೀಲ ಹೆಗಲಿಗೆ ಹಾಕಿ ಹೊರಡುತ್ತಿದ್ದ. ನಾನು ಅರೆನಿದ್ದೆಯಲ್ಲಿ ಎದ್ದು ಅವನ ಹಿಂದೆ ಚಿಲಕ ಹಾಕಿ, ಬಂದು ಮತ್ತೆ ಮಲಗುತ್ತಿದ್ದೆ. ಹಾಗೆ ಹೋದ ಒಂದು ಸಲ ಬೋಟು ಬಂತು, ಅವನು ಬರಲಿಲ್ಲ. ಬಲೆ ಎಳೆಯುವಾಗ ಕಾಲು ಜಾರಿದನಂತೆ. ಹುಡುಕಿದರಂತೆ. ದಕ್ಕೆಯಲ್ಲಿ ಬೋಟು ಕಟ್ಟುವ ಗಂಡಸರು ಅಮ್ಮನ ಮುಖ ನೋಡದೆ, ಹಗ್ಗ ನೋಡಿಕೊಂಡು ಈ ಮಾತು ಹೇಳಿದರು.

ಹೆಣ ಸಿಗಲಿಲ್ಲ. ನಮ್ಮಲ್ಲಿ ಸತ್ತವರನ್ನು 'ಹದಿನಾರಕ್ಕೆ ಸೇರಿಸುವುದು' ಎಂದು ಒಂದು ಕ್ರಮ ಉಂಟು. ಹಿಂದೆ ಹೋದ ಹಿರಿಯರ ಸಾಲಿಗೆ ಇವರನ್ನೂ ಸೇರಿಸಿಕೊಳ್ಳಿ ಎಂದು ಕೇಳಿಕೊಂಡು ಎಲೆ ಹಾಕಿ ಬಡಿಸುವುದು. ಆಮೇಲೆ ಪ್ರತಿವರ್ಷ ಆಟಿ ತಿಂಗಳಲ್ಲಿ, ಮಳೆ ಹೊಯ್ಯುವಾಗ, ಆ ಸಾಲಿನವರಿಗೆಲ್ಲ ಊಟ. ಅಮ್ಮನ ತಮ್ಮ ವಾಮನ ಮಾವ ಈ ಮಾತು ಎತ್ತಿದಾಗ ಅಮ್ಮ ಮೀನಿನ ಕತ್ತಿ ಕೆಳಗಿಡಲೂ ಇಲ್ಲ.

"ಕಂಡವರು ಯಾರು ವಾಮನ? ನೀನು ಕಂಡಿದ್ದೀಯಾ?"

"ಅಕ್ಕ, ಕಡಲು..."

"ಕಡಲು ನನಗೆ ಹೇಳ್ಬೇಡ. ಅವ ಬಂದು ಕೇಳಿದ್ರೆ ನಾನು ಎಂತ ಹೇಳುದು? ನಿನ್ನನ್ನು ಸತ್ತವರ ಪಂಕ್ತಿಗೆ ಕೂರ್ಸಿದೆ ಅಂತಾ?"

ಆ ದಿನದಿಂದ ನಮ್ಮ ಎದುರಿನ ಬಾಗಿಲಿಗೆ ಚಿಲಕ ಬೀಳಲಿಲ್ಲ. ಬಾಗಿಲು ತೆರೆದೇ ಇರಲೆಂದು ಅಮ್ಮ ಅರೆಯುವ ಗುಂಡುಕಲ್ಲನ್ನು ಅಡ್ಡ ಇಟ್ಟಳು. ನಾಯಿ ಒಳಗೆ ಬಂದು ಮೀನು ಕೊಂಡುಹೋಯಿತು. ಮಳೆಗಾಲದ ಗಾಳಿಗೆ ಹಲಗೆ ಬಡಿದು ಬಡಿದು ಸೀಳು ಬಿಟ್ಟಿತು. ಕಡಲ ಉಪ್ಪುಗಾಳಿ ಮನೆಯೊಳಗಿನ ಕಬ್ಬಿಣವನ್ನೆಲ್ಲ ತಿಂದಿತು. ನಾನು ಒಂದೆರಡು ಸಲ ಕಲ್ಲು ಸರಿಸಿದೆ, ಬೆಳಿಗ್ಗೆ ಎದ್ದು ನೋಡಿದರೆ ಅದು ಮತ್ತೆ ಅಲ್ಲೇ ಇರುತ್ತಿತ್ತು.

ನನಗೆ ಸಣ್ಣವಳಿದ್ದಾಗ ಜ್ವರ ನೆತ್ತಿಗೇರಿ ಫಿಟ್ಸ್ ಬಂದದ್ದುಂಟು. ದೊಡ್ಡವಳಾದ ಮೇಲೆ ಅದು ಬಿಟ್ಟಿತ್ತು. ಲೋಕು ಹೋದ ಮರುವರ್ಷ ಮತ್ತೆ ಬಂತು. ಪ್ರೆಸ್ಸಿನಲ್ಲಿ ಯಾರದೋ ಉತ್ತರಕ್ರಿಯೆಯ ಕಾರ್ಡಿನ ಪ್ರೂಫ್ ನೋಡುತ್ತಿದ್ದೆ. ಡೀಸೆಲ್ ಮತ್ತು ಒದ್ದೆ ಹಗ್ಗದ ವಾಸನೆ ಬಂತು. ಲೋಕು ಮನೆಗೆ ಬಂದರೆ ಅವನಿಗಿಂತ ಮೊದಲು ಒಳಗೆ ಬರುತ್ತಿದ್ದ ವಾಸನೆ ಅದು. ಆಮೇಲೆ ನನ್ನ ಬೆನ್ನ ಹಿಂದೆ, ಎಡಗಡೆಯಿಂದ, "ಅಕ್ಕಾ" ಎಂದ. ನೆನಪು ಬಂದ ಹಾಗಲ್ಲ. ನಿಜವಾದ ಸ್ವರ, ಸ್ವಲ್ಪ ಅವಸರದ್ದು. ನಾನು ತಿರುಗಿ ನೋಡಿದೆ.

ಕಣ್ಣು ಬಿಟ್ಟಾಗ ಮೇಲೆ ಫ್ಯಾನು ತಿರುಗುತ್ತಿತ್ತು, ನಾಲಗೆ ಕಚ್ಚಿ ಬಾಯಿ ತುಂಬ ರಕ್ತ, ಮುಷ್ಟಿಯಲ್ಲಿ ಯಾರದೋ ಸ್ಕೂಟರಿನ ಕೀ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಒಂದು ಬದಿಗೆ ಮಲಗಿಸಬೇಕೆಂದು ಯಾರಿಗೂ ಗೊತ್ತಿಲ್ಲ. ಪ್ರೆಸ್ಸಿನ ಮಾಲಕರು ಒಳ್ಳೆಯವರು, ಸೋಡಾ ಹಿಡಿದುಕೊಂಡು ನಿಂತಿದ್ದರು. ಸ್ಕೂಟರಿನವರು ಮಾತ್ರ ಕೀ ಸಿಗುವವರೆಗೆ ಮನೆಗೆ ಹೋಗುವ ಹಾಗಿರಲಿಲ್ಲ.

ಸ್ವರದ ವಿಷಯವನ್ನು ಅಮ್ಮನಿಗೆ ಹೇಳಿದೆ. ಹೇಳದೆ ಇರಬಹುದಿತ್ತು, ಆದರೆ ಅಂಥದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಅವಳ ಎದುರು ಗಂಜಿ ಉಣ್ಣಲು ನನಗೆ ಆಗಲಿಲ್ಲ. ಅವಳು ನನ್ನ ನಾಲಗೆಯ ಗಾಯ ನೋಡುತ್ತಿದ್ದವಳು ಕೈ ತೆಗೆದಳು.

"ಅವ ಎಂತ ಹೇಳಿದ?"

"ಅಕ್ಕ ಅಂದ. ಅಷ್ಟೆ."

"ಮತ್ತೆ?"

"ಮತ್ತೆ ನಾನು ಬಿದ್ದೆ ಅಲ್ವಾ ಅಮ್ಮ."

"ಸ್ವಲ್ಪ ತಡ್ಕೊಳ್ಳಿಕ್ಕೆ ಆಗ್ಲಿಲ್ವಾ ಮಗಾ?"

ಬೈದದ್ದಲ್ಲ, ಬೇಡಿಕೊಂಡದ್ದು. ಅದೇ ನನ್ನನ್ನು ಹೆದರಿಸಿತು.

ಅಲ್ಲಿಂದ ಮುಂದೆ ಫಿಟ್ಸ್ ಬರುವುದೆಲ್ಲ ಹೀಗೆಯೇ. ಮೊದಲು ವಾಸನೆ, ಆಮೇಲೆ "ಅಕ್ಕಾ", ಆಮೇಲೆ ಕತ್ತಲು. ಲೋಕು ಬದುಕಿದ್ದಾಗ ಅಕ್ಕ ಎನ್ನದೆ ನನ್ನ ಹತ್ತಿರ ಒಂದು ಮಾತೂ ಆಡಿದವನಲ್ಲ. ಅಕ್ಕ ಚಾರ್ಜರ್ ಎಲ್ಲಿ, ಅಕ್ಕ ಬಂಗುಡೆಗೆ ಉಪ್ಪು ಕಮ್ಮಿ, ಅಕ್ಕ ಈ ಶರ್ಟಿಗೆ ಬಟನ್ ಹಾಕು. ಆದರೆ ಈಗ ಆ ಸ್ವರದ ಹಿಂದೆ ಏನಿದೆ ಎಂದು ಯೋಚಿಸಿದರೆ ನಮಗಿಬ್ಬರಿಗೂ ಕಾಣುತ್ತಿದ್ದದ್ದು ನೀರು ಮಾತ್ರ. ನೀರಿನಿಂದ ಕೈಯೆತ್ತಿ ಕರೆಯುತ್ತಿದ್ದಾನೆ ಎಂದು ಅಮ್ಮ. ಹೌದಿರಬಹುದು ಎಂದು ನಾನು. ಎಲ್ಲಿದ್ದೇನೆ ಎಂದು ಹೇಳಲು ಹೊರಟಿದ್ದಾನೆಯೇ, ಯಾರೋ ದೂಡಿದರು ಎಂದೇ, ಬಂದು ಕೊಂಡುಹೋಗಿ ಎಂದೇ? ಪ್ರತಿಸಲವೂ ಅವನು ಬಾಯಿ ತೆರೆಯುವಷ್ಟರಲ್ಲಿ ನಾನು ಬಿದ್ದಿರುತ್ತಿದ್ದೆ.

ಅಮ್ಮ ಮಾರ್ಕೆಟಿಗೆ ಹೋಗುವುದನ್ನು ನಿಲ್ಲಿಸಿದಳು. ಮಗಳ ಆರೈಕೆಗೆ ಎಂದು ನೆರೆಕರೆಯವರು ಹೊಗಳಿದರು. ನಾನು ಪ್ರೆಸ್ಸಿನಿಂದ ಬಂದು ಕೈಕಾಲು ತೊಳೆಯುವ ಮೊದಲೇ, "ಇವತ್ತು ಎಂತಾದ್ರೂ ಆಯ್ತಾ?" ಎಂದು ಕೇಳುತ್ತಿದ್ದಳು. ಇಲ್ಲ ಎಂದರೆ ಅವಳ ಮುಖ ಬೀಳುತ್ತಿತ್ತು. ನಾನು ಊಟ ಮಾಡುವಾಗ, ಬಟ್ಟೆ ಮಡಚುವಾಗ, ಎದುರು ಕೂತು ನನ್ನನ್ನೇ ನೋಡುತ್ತಿದ್ದಳು. ಗಾಳ ಹಾಕಿ ಕೂತವರ ತಾಳ್ಮೆ ಅದು. ನನ್ನದೇ ಮನೆಯಲ್ಲಿ, ನನ್ನದೇ ತಾಯಿಯ ಎದುರು ಕೂರಲು ನನಗೆ ಹೆದರಿಕೆಯಾಗತೊಡಗಿತು.

ನನಗೂ ಆಸೆ ಇತ್ತು. ಡೀಸೆಲ್ ವಾಸನೆ ಬಂದಾಗ ಭಯಕ್ಕಿಂತ ಮೊದಲು ಸಂತೋಷವಾಗುತ್ತಿತ್ತು. ತಮ್ಮನ ಸ್ವರ ಕೇಳುವ ದಾರಿ ಅದೊಂದೇ ಆಗಿರುವಾಗ, ನಾಲಗೆ ಕಚ್ಚಿದರೇನು ಎನಿಸುತ್ತಿತ್ತು. ಇದನ್ನು ಓದುವವರಲ್ಲಿ ಯಾರಿಗಾದರೂ ಹೀಗೆ ಅನಿಸಿದ್ದರೆ, ನಿಮಗೆ ಹುಚ್ಚು ಹಿಡಿದಿಲ್ಲ. ನನಗೂ ಹಿಡಿದಿರಲಿಲ್ಲ.

ಒಂದು ಭಾನುವಾರ ಕುಚ್ಚಲಕ್ಕಿ ಗಂಜಿಯ ತೆಳಿ ಬಸಿಯುವಾಗ ಬಿದ್ದೆ. ಕುದಿಯುವ ತೆಳಿ ಎಡಗೈಯ ಮೇಲೆ ಚೆಲ್ಲಿ ಮೊಣಕೈಯವರೆಗೆ ಚರ್ಮ ಎದ್ದಿತು. ಎಚ್ಚರವಾದಾಗ ಅಮ್ಮ ಬಾವಿಕಟ್ಟೆಯಲ್ಲಿ ನನ್ನನ್ನು ಕೂರಿಸಿ ಕೊಡಪಾನದಿಂದ ಕೈಗೆ ನೀರು ಹೊಯ್ಯುತ್ತಿದ್ದಳು. ಗಳಗಳ ಅಳುತ್ತಿದ್ದಳು. ಅಳುತ್ತಲೇ ಬಗ್ಗಿ ನನ್ನ ಕಿವಿಯ ಹತ್ತಿರ ಕೇಳಿದಳು.

"ಹೇಳಿದನಾ?"

ಮರುದಿನ ಕಂಕನಾಡಿಯ ಆಸ್ಪತ್ರೆಗೆ ನಾನಾಗಿಯೇ ಹೊರಟೆ. ಅಮ್ಮ ಹಿಂದೆಯೇ ಬಂದಳು.

ನರರೋಗ ವಿಭಾಗದ ಕಾಯುವ ಕೋಣೆಯಲ್ಲಿ ಟಿವಿಗೆ ಸ್ವರ ಇರಲಿಲ್ಲ. ಅಡುಗೆ ಕಾರ್ಯಕ್ರಮದ ಹೆಂಗಸು ನಗುತ್ತಾ ಏನನ್ನೋ ಕಲಸುತ್ತಿದ್ದಳು. ಅಲ್ಲಿ ಕೂತವರು ಒಬ್ಬರನ್ನೊಬ್ಬರು ನೋಡುವುದಿಲ್ಲ, ಒಬ್ಬರ ಕೈಯ ಗಾಯವನ್ನು ಇನ್ನೊಬ್ಬರು ನೋಡುತ್ತಾರೆ. ನನ್ನ ಬ್ಯಾಂಡೇಜು ನೋಡಿ ಪಕ್ಕದ ಬ್ಯಾರಿ ಹೆಂಗಸು ತನ್ನ ಬುರ್ಖಾದ ತೋಳು ಸ್ವಲ್ಪ ಸರಿಸಿ ಹಳೆಯ ಸುಟ್ಟ ಕಲೆ ತೋರಿಸಿದಳು. "ನನ್ನದು ಚಾಯದ ಪಾತ್ರೆ," ಎಂದಳು. ಇಬ್ಬರಿಗೂ ನಗು ಬಂತು. ಆ ವರ್ಷ ನಾನು ಮನಸಾರೆ ನಕ್ಕದ್ದು ಅದೊಂದೇ ಸಲ ಇರಬೇಕು.

ಡಾಕ್ಟರು ನನಗಿಂತ ಸಣ್ಣ ಪ್ರಾಯದ ಹೆಂಗಸು. ಸ್ವರದ ಕಥೆ ಕೇಳಿ ನಗಲಿಲ್ಲ.

"ವಾರಿಜ, ಅದು ನಿಮ್ಮದೇ ನೆನಪು. ನಿಮ್ಮ ಫಿಟ್ಸ್ ಶುರುವಾಗುವ ಜಾಗ ಮೆದುಳಿನಲ್ಲಿ ನೆನಪಿನ ಜಾಗದ ಹತ್ತಿರವೇ ಉಂಟು. ಅಲ್ಲಿ ಕಿಡಿ ಹಾರಿದಾಗ ಒಂದು ನೆನಪು ಎದ್ದು ಬರ್ತದೆ."

ನನ್ನ ಹಿಂದೆ ಕೂತಿದ್ದ ಅಮ್ಮ ಕೇಳಿದಳು, "ನೆನಪಾದ್ರೆ ಪೂರ್ತಿ ಯಾಕೆ ಬರುದಿಲ್ಲ?"

"ಪೂರ್ತಿ ಬರುವ ಮೊದಲೇ ಕಿಡಿ ಇಡೀ ಮೆದುಳಿಗೆ ಹಬ್ಬುತ್ತದೆ ಅಮ್ಮ. ಆಗ ಅವರಿಗೆ ಪ್ರಜ್ಞೆ ಹೋಗ್ತದೆ."

ಮಾತ್ರೆಗಳು ಒಂದರ ಮೇಲೆ ಒಂದು ಬಂದವು. ಒಂದು ಮಾತ್ರೆಗೆ ಮೈ ತುರಿಸಿತು, ಒಂದಕ್ಕೆ ದಿನವಿಡೀ ತೂಕಡಿಕೆ, ಒಂದಕ್ಕೆ ಪ್ರೂಫಿನ ಸಾಲುಗಳು ಎರಡೆರಡಾಗಿ ಕಂಡವು. ಫಿಟ್ಸ್ ಕಡಿಮೆಯಾಗಲಿಲ್ಲ. ಹೀಗೇ ಬಿಟ್ಟರೆ ಒಂದು ದಿನ ನೀರಿನ ಹತ್ತಿರವೋ ರಸ್ತೆಯಲ್ಲೋ ನಿದ್ದೆಯಲ್ಲೋ ಜೀವಕ್ಕೇ ಬರಬಹುದು ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ತಲೆ ಕೊಯ್ಯುವ ಮಾತು ಬಂತು. ಅದಕ್ಕೆ ಮೊದಲು ಇದೊಂದನ್ನು ನೋಡುವ ಎಂದು ಮೇಜಿನ ಮೇಲೆ ಒಂದು ಸಣ್ಣ ಪೆಟ್ಟಿಗೆ ಇಟ್ಟರು. ಹೊಸ ಸಾಧನ, ಎಲ್ಲರಿಗೂ ಗುಣ ಕೊಡುತ್ತದೆ ಎಂಬ ಭರವಸೆ ಇಲ್ಲ ಎಂದೂ ಹೇಳಿದರು. ಮೆದುಳಿನಿಂದ ಹೊರಟು ಎದೆಗೂ ಹೊಟ್ಟೆಗೂ ಹೋಗುವ ವೇಗಸ್ ಎಂಬ ನರದ ಒಂದು ಎಳೆ ಕಿವಿಯ ಚರ್ಮದಡಿ ಬರುತ್ತದಂತೆ. ಕಿವಿಯ ತೂತಿನ ಮುಂದೆ ಒಂದು ಪುಟ್ಟ ಗಡುಸು ತುಣುಕು ಇರುತ್ತದಲ್ಲ, ಅಲ್ಲಿ ಕ್ಲಿಪ್ಪು ಸಿಕ್ಕಿಸಿ ಸಣ್ಣ ಕರೆಂಟು ಕೊಟ್ಟರೆ, ಕೊಯ್ಯದೆ ಚುಚ್ಚದೆ, ಹೊರಗಿನಿಂದಲೇ ಮೆದುಳಿಗೆ ಸಮಾಧಾನ ಹೇಳಿದ ಹಾಗೆ.

ಮೊದಲ ಸಲ ಅದನ್ನು ಹಾಕಿದ್ದು ಇಇಜಿ ಕೋಣೆಯಲ್ಲಿ. ಮೆದುಳಿನ ಅಲೆ ತೆಗೆಯುವ ಟೆಕ್ನಿಷಿಯನ್ ರಫೀಕ್ ನನ್ನ ತಲೆಯಿಡೀ ಅಂಟು ಹಚ್ಚಿ ವಯರು ಕಟ್ಟಿದ. "ಜಾತ್ರೆ ಲೈಟಿಂಗ್ಸಿನ ಹಾಗೆ ಕಾಣ್ತದೆ ಅಕ್ಕ, ಬೇಸರ ಮಾಡ್ಬೇಡಿ," ಎಂದ. ಪರದೆಯ ಮೇಲೆ ಗೆರೆಗಳು ಓಡತೊಡಗಿದವು. ಬಲಗಡೆಯ ಕೆಲವು ಗೆರೆಗಳಲ್ಲಿ ಆಗಾಗ ಮೊಳೆಯ ಹಾಗೆ ಚೂಪು ಏಳುತ್ತಿತ್ತು. ಕ್ಲಿಪ್ಪು ಚಾಲೂ ಮಾಡಿದಾಗ ಕಿವಿಯಲ್ಲಿ ಇರುವೆ ಹರಿದ ಹಾಗಾಯಿತು. ಬಹಳ ಹೊತ್ತಿನ ಮೇಲೆ ಡಾಕ್ಟರು ಪರದೆ ತೋರಿಸಿ, "ನೋಡಿ, ಚೂಪು ಕಡಿಮೆಯಾಗಿದೆ. ಏಳುವುದೂ ಅಲ್ಲೇ ಇಳೀತದೆ, ಪಕ್ಕಕ್ಕೆ ಹಬ್ಬುವುದಿಲ್ಲ," ಎಂದರು.

ಅಮ್ಮ ಪರದೆಯ ಹತ್ತಿರ ಹೋದಳು. ಕನ್ನಡಕ ಇಲ್ಲದೆ, ಮೂಗು ತಾಗುವಷ್ಟು ಹತ್ತಿರ.

"ಇದರಲ್ಲಿ ಅವನ ಸ್ವರ ಎಲ್ಲುಂಟು?"

ಡಾಕ್ಟರು ನನ್ನನ್ನು ನೋಡಿದರು, ನಾನು ನೆಲ ನೋಡಿದೆ. ಕೊನೆಗೆ ಅವರು ಒಂದು ಚೂಪಿನ ಮೇಲೆ ಬೆರಳಿಟ್ಟು, "ಇಂಥದ್ದು ಹಬ್ಬಿದಾಗ ಇರಬಹುದು," ಎಂದರು. ಆ ಬೆರಳು ತೆಗೆದ ಮೇಲೂ ಅಮ್ಮ ಆ ಜಾಗವನ್ನೇ ನೋಡುತ್ತಿದ್ದಳು. ರಫೀಕ್ ಬಿಸಿನೀರು ತಂದಿಟ್ಟಿದ್ದ, ತಲೆಯ ಅಂಟು ತಣ್ಣೀರಿಗೆ ಹೋಗುವುದಿಲ್ಲವಂತೆ. ನಾನು ತಲೆ ತೊಳೆಯಲು ಒಳಗೆ ಹೋದೆ. ಹೊರಗೆ ಅವನು ಕ್ಲಿಪ್ಪು ಹಾಕುವ ಕ್ರಮವನ್ನು ಅಮ್ಮನಿಗೆ ಹೇಳಿಕೊಡುತ್ತಿದ್ದ.

ಆಮೇಲೆ ಪ್ರತಿದಿನ ಬೆಳಿಗ್ಗೆ ಅಮ್ಮನೇ ನನ್ನ ಕಿವಿಗೆ ಕ್ಲಿಪ್ಪು ಹಾಕುತ್ತಿದ್ದಳು. ಮೀನು ತಾಜಾ ಉಂಟೋ ನೋಡಲು ಕಿವಿರು ಎತ್ತಿ ನೋಡಿದ ಹೆಬ್ಬೆರಳು ಅದು, ನನ್ನ ಕಿವಿಯನ್ನೂ ಹಾಗೆಯೇ ಎತ್ತಿ ಹಿಡಿಯುತ್ತಿತ್ತು. ಮಾತ್ರೆ ಬಿಡಲಿಲ್ಲ, ಕ್ಲಿಪ್ಪು ಮಾತ್ರೆಯ ಬದಲಿಗಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಮೆಲ್ಲಮೆಲ್ಲಗೆ ಫಿಟ್ಸ್ ದೂರ ದೂರ ಸರಿದವು. ಒಂದಿಡೀ ತಿಂಗಳು ಏನೂ ಆಗದೆ ಹೋಯಿತು. ಪ್ರೆಸ್ಸಿನವರು ನನ್ನ ಕುರ್ಚಿಯ ಪಕ್ಕ ಹಾಸಿದ್ದ ಹಳೆಯ ಹಾಸಿಗೆ ತೆಗೆದರು. ನಾನು ಒಬ್ಬಳೇ ಹೋಗಿ ಒಂದು ಜೊತೆ ಚಪ್ಪಲಿ ತೆಗೆದುಕೊಂಡು ಬಂದೆ. ಒಬ್ಬಳೇ ಹೋಗಿ ಬರುವುದು ಎಷ್ಟು ದೊಡ್ಡದು ಎಂದು ನಿಮಗೆ ಹೇಳಬೇಕಾಗಿಲ್ಲ.

"ಇವತ್ತು ಎಂತಾದ್ರೂ ಆಯ್ತಾ?"

"ಇಲ್ಲ ಅಮ್ಮ."

"ಒಳ್ಳೇದಾಯ್ತು," ಎನ್ನುತ್ತಿದ್ದಳು. ಎದ್ದು ಬಾಗಿಲಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು.

ಒಂದು ಬೆಳಿಗ್ಗೆ ಇರುವೆ ಹರಿಯುವುದು ಸ್ವಲ್ಪ ಕೆಳಗೆ ಬಂದ ಹಾಗಿತ್ತು. "ಅಲ್ಲಿ ಕಿವಿ ಕೆಂಪಾಗಿದೆ, ಚೂರು ಸರಿಸಿ ಹಾಕಿದ್ದೇನೆ," ಎಂದಳು ಅಮ್ಮ. ಅವಳ ಕೈಯ ಮೇಲೆ ನನಗೆ ಅನುಮಾನ ಯಾಕೆ ಬರಬೇಕು? ಬ್ಯಾಗು ಹೆಗಲಿಗೆ ಹಾಕಿ ಹೊರಟೆ.

ಫಿಟ್ಸ್ ವಾಪಸು ಬಂದವು. ವಾಸನೆ, "ಅಕ್ಕಾ", ಕತ್ತಲು. ಅಮ್ಮ ಮತ್ತೆ ಎದುರು ಕೂತು ನೋಡತೊಡಗಿದಳು. ಒಂದು ದಿನ ಕಂಕನಾಡಿಯಲ್ಲಿ ಬಸ್ಸಿನ ಫುಟ್‌ಬೋರ್ಡಿನಿಂದ ಇಳಿಯುವಾಗ ಆಯಿತು. ಕಂಡಕ್ಟರ್ ನನ್ನ ಬ್ಯಾಗಿನ ಪಟ್ಟಿ ಹಿಡಿದುಕೊಂಡದ್ದರಿಂದ ತಲೆ ಚಕ್ರದ ಅಡಿಗೆ ಹೋಗಲಿಲ್ಲ. ಹಣೆಗೆ ಹೊಲಿಗೆ ಬಿತ್ತು.

ಡಾಕ್ಟರಿಗೆ ಅರ್ಥವಾಗಲಿಲ್ಲ. ಇಷ್ಟು ಚೆನ್ನಾಗಿ ಹಿಡಿತಕ್ಕೆ ಬಂದದ್ದು ಯಾಕೆ ಹೀಗಾಯಿತು? ಪೆಟ್ಟಿಗೆ ಪರೀಕ್ಷಿಸಿದರು, ಸರಿ ಇತ್ತು. "ದಿನಾ ಹೇಗೆ ಹಾಕ್ತೀರಿ, ಒಮ್ಮೆ ತೋರಿಸಿ ಅಮ್ಮ," ಎಂದರು. ಅಮ್ಮ ಕ್ಲಿಪ್ಪು ಕೈಗೆತ್ತಿಕೊಂಡಳು. ಅವಳ ಹೆಬ್ಬೆರಳು ನನ್ನ ಕಿವಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಸರಿಯಾದ ಜಾಗಕ್ಕೆ ಹಾಕಿ ತೋರಿಸಬಹುದಿತ್ತು. ಸುಳ್ಳು ಅವಳಿಂದ ಆಗಲಿಲ್ಲ. ಓಲೆ ಹಾಕುವ ಮೆತ್ತಗಿನ ಹಾಲೆಗೆ ಸಿಕ್ಕಿಸಿದಳು.

"ಅಯ್ಯೋ, ಇಲ್ಲಿ ಆ ನರ ಇಲ್ಲ," ಎಂದರು ಡಾಕ್ಟರು. "ಪರೀಕ್ಷೆಯಲ್ಲಿ ಹೋಲಿಸಿ ನೋಡಲಿಕ್ಕೆ, ಏನೂ ಪರಿಣಾಮ ಆಗಬಾರದು ಅಂತಿದ್ದರೆ ನಾವು ಹಾಕುವ ಜಾಗ ಇದು."

ವಯಸ್ಸಾದವರ ತಪ್ಪು ಎಂದು ಅವರು ಬೈಯಲಿಲ್ಲ. ನಮ್ಮನ್ನು ಹೊರಗೆ ಕಾಯಲು ಹೇಳಿದರು. ಟಿವಿಯಲ್ಲಿ ಅದೇ ಹೆಂಗಸು ಸ್ವರವಿಲ್ಲದೆ ನಗುತ್ತಿದ್ದಳು. ನಾನು ಕೇಳಿದೆ.

"ಗೊತ್ತಿದ್ದೇ ಹಾಕಿದ್ದಾ?"

ಅಮ್ಮ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ನೀನು ತಲೆ ತೊಳಿಲಿಕ್ಕೆ ಹೋದಾಗ ಆ ರಫೀಕ್ ಹೇಳಿದ್ದ. ಓಲೆ ಹಾಕುವಲ್ಲಿ ಹಾಕಿದ್ರೆ ಎಂತ ಪ್ರಯೋಜನ ಇಲ್ಲ, ಜಾಗ್ರತೆ ಅಂತ."

"ನಾನು ಬಸ್ಸಿನ ಅಡಿಗೆ ಹೋಗ್ತಿದ್ದೆ ಅಮ್ಮ. ನಾನು ಸತ್ರೆ ನಿನಗೆ ಆಗ್ಬಹುದಾ?"

"ಅವ ಹೇಳಿ ಮುಗಿಸ್ಲಿಲ್ಲ ಮಗಾ. ಒಂದೇ ಒಂದು ಸಲ ಅಂತ..."

"ನಾನು ಮಗಳಲ್ವಾ?"

"ನೀನು ಕಣ್ಣೆದುರು ಇದ್ದೀ," ಎಂದಳು. "ಅವ ನೀರಲ್ಲಿದ್ದಾನೆ."

ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯಲು ಬರುವುದಿಲ್ಲ. ಅಷ್ಟು ಜನರ ಎದುರು ಅವಳ ಕೈಯನ್ನು ನನ್ನ ಮೊಣಕಾಲಿನಿಂದ ಎತ್ತಿ ಅವಳ ಮಡಿಲಿಗೆ ಹಾಕಿದೆ. ಮನೆಗೆ ಬರುವವರೆಗೆ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತೆವು. ಸೇತುವೆ ದಾಟುವಾಗ ಹಿಂದೆ ತಿರುಗಿ ನೋಡಿದೆ. ಅಮ್ಮ ಕಿಟಕಿಯಿಂದ ಅಳಿವೆಯ ಕಡೆ, ಹೊಳೆ ಕಡಲಿಗೆ ಸೇರುವಲ್ಲಿ, ನೋಡುತ್ತಾ ಕೂತಿದ್ದಳು. ಸಿಟ್ಟಿನ ಒಳಗೇ ನನಗೆ ಅಳು ಬಂತು.

ಅಂದಿನಿಂದ ಅಪ್ಪನ ಕ್ಷೌರದ ಕನ್ನಡಿ ಎದುರು ಇಟ್ಟುಕೊಂಡು ಕ್ಲಿಪ್ಪನ್ನು ನಾನೇ ಹಾಕಿಕೊಂಡೆ. ಆ ಕನ್ನಡಿಯಲ್ಲಿ ನನ್ನ ಕಿವಿಯ ಹಿಂದೆ ತೆರೆದ ಬಾಗಿಲೂ, ಅದರಾಚೆ ಒಂದು ತುಂಡು ಕಡಲೂ ಕಾಣುತ್ತಿತ್ತು. ಅಮ್ಮ ನನ್ನ ಕಿವಿ ಮುಟ್ಟಲಿಲ್ಲ, ಏನಾದರೂ ಆಯಿತೇ ಎಂದು ಕೇಳಲೂ ಇಲ್ಲ. ಫಿಟ್ಸ್ ಮತ್ತೆ ದೂರವಾದವು. ನಿಶ್ಶಬ್ದ ಎಷ್ಟಾಯಿತೆಂದರೆ, ನಾನೇ ಕೆಲವೊಮ್ಮೆ ಎಡಗಡೆಗೆ ತಿರುಗಿ ನೋಡುತ್ತಿದ್ದೆ. ಗುಣವಾಗುವುದು ಇಷ್ಟು ಒಂಟಿ ಕೆಲಸ ಎಂದು ನನಗೆ ಗೊತ್ತಿರಲಿಲ್ಲ.

ಆಟಿ ಬಂತು. ಕಡಲು ಏರಿ ಬೋಟುಗಳೆಲ್ಲ ದಡದಲ್ಲಿದ್ದವು. ವಾಮನ ಮಾವ ಬಂದು, "ಅಕ್ಕ, ಈ ಸಲವಾದ್ರೂ ಅವನಿಗೆ ಒಂದು ಎಲೆ ಹಾಕುವ," ಎಂದು ಹೇಳಿಹೋದರು. ಅಮ್ಮ ಬಾಗಿಲ ಬಳಿಯ ಒದ್ದೆ ನೆಲ ಒರೆಸಿದಳು.

ಆ ವಾರದ ಒಂದು ಮಧ್ಯಾಹ್ನ ಪತ್ರೊಡೆ ಮಾಡಲು ಕೂತಿದ್ದೆವು. ಕೆಸುವಿನ ಎಲೆಯನ್ನು ನಾನು ಒರೆಸಿ ಕೊಡುವುದು, ಅಮ್ಮ ಹಿಟ್ಟು ಹಚ್ಚಿ ಸುತ್ತುವುದು. ಎದುರಿನ ಬಾಗಿಲಿನಿಂದ ಎರಚಲು ಬಡಿದು ಗುಂಡುಕಲ್ಲಿನವರೆಗೆ ನೆಲ ಒದ್ದೆಯಾಗಿತ್ತು. ಆಗ ವಾಸನೆ ಬಂತು. ಡೀಸೆಲ್, ಒದ್ದೆ ಹಗ್ಗ. ನಾನು ಎಲೆಯನ್ನು ಬಿಗಿಯಾಗಿ ಹಿಡಿದುಕೊಂಡೆ.

"ಅಕ್ಕಾ."

ಕತ್ತಲಿಗೆ ಕಾದೆ. ಅದು ಬರಲಿಲ್ಲ. ಎಡಗೈಯ ಬೆರಳು ನಡುಗುತ್ತಿತ್ತು, ಎಲೆಯೂ ನಡುಗುತ್ತಿತ್ತು, ಅಷ್ಟೇ. ಮಳೆಯ ಸದ್ದು ಹಾಗೆಯೇ ಇತ್ತು, ಅಮ್ಮ ಎದುರಿಗೇ ಇದ್ದಳು. ನಾನು ಇದ್ದೆ. ಆಗ ಅದೇ ಸ್ವರದಲ್ಲಿ, ಅದೇ ಅವಸರದಲ್ಲಿ, ಉಳಿದ ಮಾತು ಬಂತು.

"ಬಾಕಿಲ್ ಪಾಡ್ಲ."

ನಮ್ಮ ತುಳುವಿನಲ್ಲಿ ಬಾಗಿಲು ಹಾಕು ಎಂದು. ಬೋಟಿಗೆ ಹೊರಡುವ ಪ್ರತಿ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿ, ಮೆಟ್ಟಿಲು ಇಳಿಯುತ್ತಾ, ಹಿಂದೆ ನೋಡದೆ ಅವನು ಹೇಳಿಹೋಗುತ್ತಿದ್ದ ಮಾತು. ಅರೆನಿದ್ದೆಯಲ್ಲಿ ಕೇಳಿ, ಚಿಲಕ ಹಾಕಿ, ಮತ್ತೆ ಮಲಗಿ, ನಾನು ಮರೆತೇಬಿಟ್ಟಿದ್ದ ಮಾತು.

ಅಮ್ಮ ನನ್ನ ಕೈ ನೋಡುತ್ತಿದ್ದಳು. ಕೇಳುವುದಿಲ್ಲ ಎಂದು ಶಪಥ ಮಾಡಿದವಳ ಹಾಗೆ ತುಟಿ ಕಚ್ಚಿದ್ದಳು. ನನಗೆ ಹೆದರಿಕೆಯಾಯಿತು. ಇಷ್ಟು ವರ್ಷ ಕಾದವಳಿಗೆ ಇಷ್ಟು ಸಣ್ಣ ಮಾತನ್ನು ಹೇಗೆ ಕೊಡುವುದು?

"ಅಮ್ಮ, ಹೇಳಿದ."

ಹಿಟ್ಟಿನ ಕೈ ಗಾಳಿಯಲ್ಲಿ ನಿಂತಿತು.

"ಬಾಗಿಲು ಹಾಕು ಅಂದ."

"ಮತ್ತೆ?"

"ಮತ್ತೆ ಎಂತದೂ ಇಲ್ಲ. ಬೆಳಿಗ್ಗೆ ಹೋಗುವಾಗ ಹೇಳ್ತಿದ್ದದ್ದು. ಅಷ್ಟೆ."

ಅಮ್ಮ ಅರ್ಧ ಸುತ್ತಿದ್ದ ಎಲೆಯನ್ನು ಕೆಳಗಿಟ್ಟಳು. ಆಮೇಲೆ ಅವಳಿಗೆ ನಗು ಬಂತು. "ಪೆದ್ದ," ಎಂದಳು. "ಪೆದ್ದ ಮಾರಾಯ ಅವ. ಇಷ್ಟು ವರ್ಷ ಕರ್ದು ಕರ್ದು ಇದನ್ನು ಹೇಳ್ಲಿಕ್ಕಾ?" ನಗುತ್ತಾ ನಗುತ್ತಾ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಹೆಗಲು ಕುಲುಕುವುದು ನಿಂತ ಮೇಲೆ, ತನಗೆ ತಾನೇ ಹೇಳಿಕೊಂಡಂತೆ ಹೇಳಿದಳು.

"ನೀರಲ್ಲಿ ಮುಳುಗುವವ ಬಾಗಿಲು ಹಾಕು ಅಂತ ಹೇಳುದಿಲ್ಲ. ಅದು ಹೊರಡುವವ ಹೇಳುದು."

ಡಾಕ್ಟರಿಗೆ ಹೇಳಿದಾಗ ಅವರಿಗೆ ಖುಷಿಯಾಯಿತು. ಕಿಡಿ ಹಬ್ಬದೆ ಅಲ್ಲೇ ಆರಿತು, ಅದಕ್ಕೇ ಪ್ರಜ್ಞೆ ಹೋಗಲಿಲ್ಲ, ನೆನಪು ಪೂರ್ತಿ ಬಂತು, ಕ್ಲಿಪ್ಪು ಮಾಡಬೇಕಾದ ಕೆಲಸ ಮಾಡಿದೆ ಎಂದರು. ನಾನು ಅವರ ಮಾತನ್ನು ಅಕ್ಷರಶಃ ನಂಬುತ್ತೇನೆ. ಈಗಲೂ ಮಾತ್ರೆ ತಿನ್ನುತ್ತೇನೆ, ದಿನಾ ಕ್ಲಿಪ್ಪು ಹಾಕುತ್ತೇನೆ, ಅಪರೂಪಕ್ಕೊಮ್ಮೆ ಬೆರಳು ನಡುಗುತ್ತದೆ. ಸ್ವರ ಬರುವುದಿಲ್ಲ. ಆ ಮಧ್ಯಾಹ್ನ ಮಾತು ಮುಗಿದ ಮೇಲೆ, ಒದ್ದೆ ನೆಲದ ಮೇಲೆ ಹೆಜ್ಜೆ ಗುರುತು ಉಂಟೋ ಎಂದು ನಾನು ಎದ್ದು ನೋಡಿದೆ. ಅದನ್ನು ಡಾಕ್ಟರಿಗೆ ಹೇಳಲಿಲ್ಲ.

ಆಟಿ ಮುಗಿಯುವ ಮೊದಲು ವಾಮನ ಮಾವನನ್ನು ಅಮ್ಮನೇ ಹೇಳಿ ಕರೆಸಿದಳು. ಒಳಗಿನ ಕೋಣೆಯಲ್ಲಿ ಹಿರಿಯರಿಗೆಲ್ಲ ಬಾಳೆ ಎಲೆ ಹಾಕಿ, ಅಪ್ಪನ ಎಲೆಯ ಪಕ್ಕ ಇನ್ನೊಂದು ಎಲೆ ಹಾಕಿದರು. ಕೋಳಿಸಾರು, ರೊಟ್ಟಿ, ಬಂಗುಡೆ ಪುಳಿಮುಂಚಿ. ಬಂಗುಡೆಯನ್ನು ಅಮ್ಮ ಯಾರಿಗೂ ಬಡಿಸಲು ಬಿಡಲಿಲ್ಲ. ಬಡಿಸಿ, ಬೆರಳು ನೆಕ್ಕಿ ನೋಡಿ, ಇನ್ನೂ ಒಂದು ಹರಳು ಉಪ್ಪು ಹಾಕಿದಳು.

"ಲೋಕು, ಬಂದು ಉಣ್ಣು ಮಗಾ," ಎಂದು ಮಾವ ಹೆಸರು ಹಿಡಿದು ಕರೆದರು. ಇನ್ನು ನಾವೆಲ್ಲ ಹೊರಗೆ ಹೋಗಬೇಕು, ಸತ್ತವರು ಉಣ್ಣುವಷ್ಟು ಹೊತ್ತು ಬಾಗಿಲು ಹಾಕಿರಬೇಕು. ಅದೇ ಕ್ರಮ.

ಜಗಲಿಗೆ ಬಂದೆವು. ಅಮ್ಮ ಬಗ್ಗಿ ಗುಂಡುಕಲ್ಲನ್ನು ತಾನೇ ಎತ್ತಿ ಬದಿಗಿಟ್ಟಳು. ಬಾಗಿಲಿನ ಹಿಡಿಗೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು. ಮಾವ ಮುಂದೆ ಬಂದಾಗ ತಲೆಯಾಡಿಸಿ ಬೇಡ ಎಂದಳು. ನನ್ನನ್ನು ಕರೆದಳು.

"ಮಗಾ, ನೀನು ಹಾಕು. ನಿನಗಲ್ವಾ ಅವ ಹೇಳಿದ್ದು."

ಮಳೆಗೆ ಉಬ್ಬಿದ ಹಲಗೆ ಚೌಕಟ್ಟಿಗೆ ಕೂರುತ್ತಿರಲಿಲ್ಲ. ಹೆಗಲು ಕೊಟ್ಟು ದೂಡಿದೆ, ಕಿರುಗುಟ್ಟಿ ಕೂತಿತು. ಕೂತ ಮೇಲೂ ನಾನು ಅಲ್ಲಿಂದ ಸರಿಯಲಿಲ್ಲ. ಹಲಗೆಗೆ ಎಡಗಿವಿ ಒತ್ತಿ ನಿಂತೆ. ಒಳಗೆ ಸದ್ದಿರಲಿಲ್ಲ. ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವ ಎಂತ ಹೇಳಿದ ಎಂದು ಕೇಳಲಿಲ್ಲ.